ಮರ ಒಪ್ಪಿದ ಕುದುರೆ

ಕಲೆಯ ಬಗ್ಗೆ ಬರೆಯುವವರು ತಾವು ಹಿಂದೆ ಬರೆದದ್ದನ್ನು ಹಿಂತೆಗೆದುಕೊಳ್ಳುವುದು ಅಪರೂಪ. ಹಾಗೆ ಮಾಡಿದರೆ ಆ ಬರಹಕ್ಕೆ ಅಷ್ಟೊಂದು ಮಹತ್ವವಿತ್ತು ಎಂದು ತಾವೇ ಹೇಳಿಕೊಂಡಂತಾಗುತ್ತದೆ ಎಂಬ ಸಂಕೋಚವೂ ಇದ್ದೀತು. ನನ್ನದಂತೂ ಮಹತ್ವದ ಬರಹವಲ್ಲ. 1992ರಲ್ಲಿ ಒಂದು ವಾರಪತ್ರಿಕೆಗೆ ಬರೆದ ಎರಡು ಕಾಲಮಿನ ಲೇಖನ. ಅದರಲ್ಲಿ ನಮ್ಮೂರ ದೈವಸ್ಥಾನದ ಮರದ ಕುದುರೆಯನ್ನು ಗೇಲಿ ಮಾಡಿದ್ದೆ. ಓದಿದವರು ನಕ್ಕರು, ನಾಲ್ಕು ದಿನ ಪೇಟೆಯಲ್ಲಿ ಸಿಕ್ಕಾಗ ಆ ಮಾತೆತ್ತಿದರು, ಆಮೇಲೆ ಮರೆತರು. ಆದರೆ ಆ ಲೇಖನದ ದೆಸೆಯಿಂದ ಒಂದು ಕುದುರೆ ಹೋಯಿತು, ಇನ್ನೊಂದು ಬಂತು, ಬಂದ ಕುದುರೆಯ ಕಾಲು ಮುರಿಯಿತು. ಈಗ ಮೂರನೆಯದನ್ನು ಮಾಡಿಸುವ ಮಾತು ನಡೆದಿದೆ. ಸಮಿತಿಯವರು ಮತ್ತೆ ನನ್ನನ್ನೇ ಅಭಿಪ್ರಾಯ ಕೇಳಿದ್ದಾರೆ. ಅಭಿಪ್ರಾಯ ಹೇಳುವ ಮೊದಲು ಹಳೆಯ ಲೆಕ್ಕ ತೀರಿಸಬೇಕು ಅನಿಸಿತು.

ನಮ್ಮೂರು ಕುಂದಾಪುರದ ಕಡೆಯದು. ದೈವಸ್ಥಾನ ಎಂದರೆ ದೊಡ್ಡ ಗುಡಿ ಎಂದು ಕಲ್ಪಿಸಿಕೊಳ್ಳಬೇಡಿ. ಹಂಚಿನ ಮಾಡು, ಮಣ್ಣಿನ ಗೋಡೆ, ಹಿಂದೆ ಒಂದು ಬನ. ಕೋಲದ ದಿನ ಗಾಲಿಯ ಹಲಗೆಯ ಮೇಲೆ ನಿಂತ ಕುದುರೆಯನ್ನು ಹಗ್ಗ ಕಟ್ಟಿ ಅಂಗಳಕ್ಕೆ ಎಳೆದು ತರುತ್ತಿದ್ದರು. ಕುದುರೆ ನನ್ನ ಎದೆಯ ಮಟ್ಟಕ್ಕಿತ್ತು. ಕಾಲುಗಳು ಒನಕೆಯಂತೆ ನೆಟ್ಟಗೆ, ದಪ್ಪಗೆ. ಮೊಣಕಾಲು ಯಾವುದು, ಗೊರಸು ಯಾವುದು ಎಂದು ಬಣ್ಣ ನೋಡಿಯೇ ತಿಳಿಯಬೇಕು. ಹೊಟ್ಟೆ ಡೋಲಿನಂಥದು. ಕಣ್ಣುಗಳು ಪಕ್ಕಕ್ಕಿರುವ ಬದಲು ಮುಂದಕ್ಕೇ ದಿಟ್ಟಿಸುತ್ತಿದ್ದುವು. ಹಲ್ಲು ಬಿಟ್ಟ ಬಾಯಿ. ಎಲ್ಲಕ್ಕಿಂತ ವಿಚಿತ್ರವೆಂದರೆ ಕುತ್ತಿಗೆ. ಅದು ಎಡಕ್ಕೆ ವಾಲಿಕೊಂಡಿತ್ತು. ಯಾರೋ ಕರೆದದ್ದಕ್ಕೆ ಓಗೊಡಲು ಹೊರಟು ಮನಸ್ಸು ಬದಲಾಯಿಸಿದಂತೆ.

ಆಗ ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಬೆಂಗಳೂರಿನಿಂದ ತರಿಸಿದ ಕೆಲವು ಚಿತ್ರಕಲೆಯ ಪುಸ್ತಕಗಳನ್ನು ಓದಿಕೊಂಡಿದ್ದೆ. ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಹಿಡಿದ ಕಥೆ ನನಗೆ ಹೊಸದಾಗಿ ಗೊತ್ತಾಗಿತ್ತು. ಅದಕ್ಕೆ ಮುಂಚೆ ಯುರೋಪಿನ ದೊಡ್ಡ ದೊಡ್ಡ ಚಿತ್ರಕಾರರೂ ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ತಪ್ಪಾಗಿ ಬರೆಯುತ್ತಿದ್ದರು. ನಾಲ್ಕೂ ಕಾಲು ನೆಲ ಬಿಡುವ ಕ್ಷಣದಲ್ಲಿ ಕುದುರೆಯ ಕಾಲುಗಳು ಹೊಟ್ಟೆಯಡಿಗೆ ಮಡಚಿಕೊಂಡಿರುತ್ತವೆ ಎಂಬುದು ಆ ಫೋಟೋಗಳಿಂದ ಖಚಿತವಾಯಿತು. ಇಷ್ಟು ತಿಳಿದವನಿಗೆ ಊರ ಕುದುರೆ ಕಂಡರೆ ಸುಮ್ಮನಿರಲಾದೀತೆ? 1878ರ ಅನಂತರ ಇಂಥ ಕುದುರೆಗೆ ಕ್ಷಮೆಯಿಲ್ಲ ಎಂಬರ್ಥದ ಮಾತು ಬರೆದೆ. ಕುದುರೆಯ ಮುಖದಲ್ಲಿ ಹಂದಿಯ ಸಂತೋಷವೂ ಕಾಲಿನಲ್ಲಿ ಮಂಚದ ಸ್ಥೈರ್ಯವೂ ಇದೆ ಎಂದೂ ಬರೆದೆ. ಆ ವಾಕ್ಯ ನನಗೆ ಬಹಳ ದಿನ ಇಷ್ಟವಾಗಿತ್ತು.

1994ರಲ್ಲಿ ದೈವಸ್ಥಾನದ ಜೀರ್ಣೋದ್ಧಾರವಾಯಿತು. ಮಾಡು ಇಳಿಸಿದಾಗ ಕುದುರೆಯ ಹಿಂಬದಿಗೆ ಗೆದ್ದಲು ಹಿಡಿದದ್ದು ಕಂಡಿತು. ಹೊಸದು ಮಾಡಿಸುವುದೆಂದು ತೀರ್ಮಾನ. ಹೇಗೂ ಲೇಖನ ಬರೆದವ ನಾನು. ಮಾದರಿಯ ಜವಾಬ್ದಾರಿ ನನಗೇ ಬಂತು. ಒಂದು ಕ್ಯಾಲೆಂಡರಿನಿಂದ ಜೂಜಿನ ಕುದುರೆಯ ಚಿತ್ರ ಕತ್ತರಿಸಿಕೊಂಡು ಆಚಾರಿಯ ಮನೆಗೆ ಹೋದೆ. ತೆಳ್ಳನೆ ಕಾಲು, ಎತ್ತಿದ ಮುಂಗಾಲು, ಬಿಲ್ಲಿನಂತೆ ಬಾಗಿದ ಕುತ್ತಿಗೆ.

ಆಚಾರಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಅದನ್ನು ಅಡ್ಡ ತಿರುಗಿಸಿ ಮತ್ತೊಮ್ಮೆ ನೋಡಿ, "ಮಾಷ್ಟ್ರೇ, ಈ ಕುದ್ರಿ ನಿಲ್ತಿಲ್ಲೆ" ಎಂದರು.

ಓಡುವ ಕುದುರೆ ನಿಲ್ಲುವುದೆಲ್ಲಿ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಹೊಸದನ್ನು ಮಾಡಲು ಹಿಂಜರಿಯುತ್ತಿದ್ದಾರೆ ಎಂದುಕೊಂಡು ಅರ್ಧ ಗಂಟೆ ಕಲೆಯ ಬಗ್ಗೆ ಮಾತಾಡಿದೆ. ಕೊನೆಗೆ ಅವರು "ಆಯ್ತು" ಎಂದರು. ಕರಾವಳಿಯ ಕುಶಲಕರ್ಮಿಯ ಬಾಯಲ್ಲಿ ಬರುವ 'ಆಯ್ತು' ಎಂಬ ಮಾತಿಗೆ ಒಪ್ಪಿಗೆ ಎಂದಷ್ಟೇ ಅರ್ಥವಿಲ್ಲ ಎಂಬುದು ಆಗ ನನಗೆ ತಿಳಿಯಲಿಲ್ಲ.

ಹೊಸ ಕುದುರೆ ಚೆನ್ನಾಗಿಯೇ ಬಂತು. ನಿಜವಾಗಿ ಹೇಳಬೇಕೆಂದರೆ ಕ್ಯಾಲೆಂಡರಿಗಿಂತ ಚೆನ್ನಾಗಿತ್ತು. ಜನ ಮೆಚ್ಚಿದರು. ಎರಡನೆಯ ವರ್ಷದ ಕೋಲದಲ್ಲಿ ಅಂಗಳದ ಒಂದು ತಗ್ಗಿಗೆ ಗಾಲಿ ಇಳಿದು ಕುದುರೆ ಕುಲುಕಿತು. ಎತ್ತಿದ್ದ ಮುಂಗಾಲು ಮೊಣಕಾಲಿನ ಬಳಿ ಚಟ್ಟನೆ ಮುರಿದು ಬಿತ್ತು. ಹಬ್ಬದ ನಡುವೆ ಒಂದು ಘಳಿಗೆ ಯಾರೂ ಮಾತಾಡಲಿಲ್ಲ. ಅಪಶಕುನವೆಂದು ಕೆಲವರಿಗೆ ಅನಿಸಿತು, ಪ್ರಶ್ನೆ ಇಡಿಸಿದ್ದೂ ಆಯಿತು. ಆಚಾರಿ ಮಾರನೆಯ ದಿನ ಬಂದು ಕಬ್ಬಿಣದ ಪಟ್ಟಿ ಹಾಕಿ ಕಾಲು ಜೋಡಿಸಿಕೊಟ್ಟರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಆ ಕಾಲು ಯಾಕೆ ಮುರಿಯಿತು ಎಂಬುದನ್ನು ನಾನು ಕಲಿತದ್ದು ಹೊಸ ಕುದುರೆಯಿಂದಲ್ಲ, ಹಳೆಯದರಿಂದ. ಸೇವೆ ಮುಗಿದ ಮರದ ಮೂರ್ತಿಯನ್ನು ನೀರಿಗೆ ಬಿಡುವುದೋ ಬನದಲ್ಲಿಟ್ಟು ಮಣ್ಣಾಗಲು ಬಿಡುವುದೋ ರೂಢಿ. ಹಳೆಯ ಕುದುರೆಯನ್ನು ಮೊದಲು ಹೊಳೆಗೆ ಬಿಟ್ಟರು. ಅದು ಮುಳುಗಲಿಲ್ಲ. ಮಾರನೆಯ ಬೆಳಿಗ್ಗೆ ಕೆಳಗಿನ ಕಟ್ಟಿನ ಹತ್ತಿರ ಸಿಕ್ಕಿಕೊಂಡು, ಅದರ ಬೆನ್ನಿನ ಮೇಲೆ ಮೂವರು ಹುಡುಗರು ಕುಳಿತಿದ್ದರು. ಹಿರಿಯರು ಅವರನ್ನು ಗದರಿಸಿ ಇಳಿಸಿ, ಕುದುರೆಯನ್ನು ಎತ್ತಿ ತಂದು ಬನದ ಒಂದು ಮೂಲೆಯಲ್ಲಿಟ್ಟರು. ಪಟ್ಟಣದಿಂದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಬಂದು ಒಳ್ಳೆಯ ಬೆಲೆಯನ್ನೇ ಹೇಳಿದ. ಕೊಡಲಿಲ್ಲ.

ಅಲ್ಲಿಂದ ಹತ್ತು ಹನ್ನೊಂದು ಮಳೆಗಾಲ ಆ ಕುದುರೆ ಮಣ್ಣಾಗುವುದನ್ನು ನಾನು ನೋಡಿದೆ. ಶಾಲೆಗೆ ಹೋಗುವ ಕಾಲುದಾರಿ ಬನದ ಅಂಚಿನಲ್ಲೇ ಇತ್ತು. ಮೊದಲು ಬಣ್ಣ ಹೋಯಿತು. ಎಷ್ಟು ಸಲ ಬಳಿದಿದ್ದರೋ, ಸಿಪ್ಪೆಯ ಹಾಗೆ ಒಂದರ ಕೆಳಗೊಂದು ಎದ್ದುಬಂತು. ಬಣ್ಣದ ಕೆಳಗೆ ಹಲಸಿನ ಮರ. ಕಡಿದಾಗ ಅರಿಸಿನದ ಬಣ್ಣವಿರುವ ಹಲಸು ವರ್ಷ ಕಳೆದಂತೆ ಕಂದಾಗಿ, ಕೊನೆಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಗೆದ್ದಲು ಹೊರಗಿನ ಬಿಳಿಭಾಗವನ್ನು ತಿಂದಿತು. ಒಳಗಿನ ಚೇಗನ್ನು ಮುಟ್ಟಲಿಲ್ಲ. ಹಾಗಾಗಿ ವರ್ಷ ವರ್ಷವೂ ಕುದುರೆ ಸಣ್ಣದಾಗುತ್ತ, ತನ್ನನ್ನು ಮಾಡಿದ ಕ್ರಮವನ್ನು ಒಂದೊಂದಾಗಿ ಬಿಚ್ಚಿ ತೋರಿಸತೊಡಗಿತು.

ಮರಕ್ಕೆ ಎಳೆ ಇದೆ. ಬೇರಿನಿಂದ ತುದಿಗೆ ಹೋಗುವ ಆ ಎಳೆಯ ಉದ್ದಕ್ಕೆ ಮರ ಗಟ್ಟಿ. ಅಡ್ಡಕ್ಕೆ ಅದನ್ನು ಸೀಳುವುದು ಸುಲಭ. ಸೌದೆ ಒಡೆದವರಿಗೆಲ್ಲ ಇದು ಗೊತ್ತು, ನನ್ನಂಥ ವಿಮರ್ಶಕನಿಗೆ ಮಾತ್ರ ಹೊಸದು. ನೆಟ್ಟಗಿನ ಕಾಲಿನಲ್ಲಿ ಎಳೆ ಮೇಲಿನಿಂದ ಕೆಳಕ್ಕೆ ಓಡುತ್ತದೆ, ಎಷ್ಟು ಭಾರವನ್ನಾದರೂ ಹೊರುತ್ತದೆ. ಕಾಲನ್ನು ಎತ್ತಿ ಮಡಚಿದ ಕೂಡಲೇ, ಒಂದೇ ಮರದ ತುಂಡಿನಿಂದ ಅದನ್ನು ಕೆತ್ತಿದರೆ, ಮಡಿಕೆಯ ಒಂದು ಭಾಗದಲ್ಲಿ ಎಳೆ ಅಡ್ಡ ಬೀಳುತ್ತದೆ. ಅಲ್ಲಿ ಕಾಲು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ತೆಳ್ಳಗೆ ಮಾಡಿದಷ್ಟೂ ಬೇಗ ಮುರಿಯುತ್ತದೆ. ಆಚಾರಿ ಕ್ಯಾಲೆಂಡರಿನ ಚಿತ್ರವನ್ನು ಅಡ್ಡ ತಿರುಗಿಸಿ ನೋಡಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಅವರು ಕುದುರೆಯನ್ನು ನೋಡುತ್ತಿರಲಿಲ್ಲ. ಆ ಆಕಾರದೊಳಗೆ ಎಳೆ ಯಾವ ಕಡೆ ಓಡೀತು ಎಂದು ಹುಡುಕುತ್ತಿದ್ದರು.

ಹಳೆಯ ಕುದುರೆಯ ನಾಲ್ಕು ಕಾಲುಗಳೂ ಸೀಳಿ ತೆಗೆದ ಮರದವು. ಗರಗಸ ಎಲ್ಲಿಗೆ ಬೇಕಾದರೂ ಹೋದೀತು, ಸೀಳು ಮಾತ್ರ ಎಳೆಯ ಜೊತೆಗೇ ಹೋಗುತ್ತದೆ. ಕಾಲುಗಳನ್ನು ಹೊಟ್ಟೆಗೆ ಕೀಲಿಸಿ ಬೆಣೆ ಹೊಡೆದಿದ್ದರು, ಮೊಳೆ ಒಂದೂ ಇರಲಿಲ್ಲ. ನಾನು ಡೋಲೆಂದು ಹೀಯಾಳಿಸಿದ ಹೊಟ್ಟೆ ನಿಜವಾಗಿಯೂ ಡೋಲಿನಂತೆ ಟೊಳ್ಳಾಗಿತ್ತು. ಕೆಳಗಿನಿಂದ ಉಳಿಯಲ್ಲಿ ತೋಡಿ ತಿರುಳನ್ನು ತೆಗೆದಿದ್ದರು. ಅದಕ್ಕೂ ಕಾರಣವಿದೆ. ಮರ ಒಣಗುವಾಗ ಉದ್ದಕ್ಕೆ ಹೆಚ್ಚೂಕಡಿಮೆ ಕುಗ್ಗುವುದೇ ಇಲ್ಲ. ತಿರುಳಿನ ದಿಕ್ಕಿಗೆ ಸ್ವಲ್ಪ ಕುಗ್ಗುತ್ತದೆ. ಸುತ್ತಳತೆಯಲ್ಲಿ ಅದರ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಇಡೀ ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ಈ ಜಗ್ಗಾಟದಲ್ಲಿ ಅದು ನಡುವಿನ ತನಕ ಬಿರಿಯಲೇಬೇಕು. ತಿರುಳು ತೆಗೆದ ದಿಮ್ಮಿಗೆ ಕುಗ್ಗಲು ಜಾಗ ಸಿಗುತ್ತದೆ. ಅಷ್ಟು ವರ್ಷದ ಕುದುರೆಯ ಬೆನ್ನಿನಲ್ಲಿ ಒಂದು ಬಿರುಕೂ ಇರಲಿಲ್ಲ.

ಕೊನೆಗೆ ಕುತ್ತಿಗೆ. ಅದು ಕವಲೊಡೆದ ಕೊಂಬೆ. ಕಾಂಡದಿಂದ ಕವಲು ಹೊರಡುವಲ್ಲಿ ಎಳೆ ತಾನಾಗಿಯೇ ಬಾಗಿರುತ್ತದೆ. ಅಂಥ ಕವಲನ್ನು ಹುಡುಕಿ, ಮರವೇ ಬಾಗಿದ ಬಾಗಿನಲ್ಲಿ ಕುತ್ತಿಗೆಯನ್ನು ಇಟ್ಟಿದ್ದರು. ಎದೆಯಿಂದ ಕಿವಿಯ ಬುಡದ ತನಕ ಎಳೆ ಒಂದು ಕಡೆಯೂ ಕಡಿದಿರಲಿಲ್ಲ. ನಮ್ಮ ಕರಾವಳಿಯಲ್ಲಿ ದೋಣಿ ಕಟ್ಟುವವರು ಪಕ್ಕೆಲುಬಿನ ಮರಗಳಿಗಾಗಿ ಇಂಥ ಬಾಗಿದ ಕೊಂಬೆಗಳನ್ನೇ ಹುಡುಕುತ್ತಾರೆ. ಆ ಕವಲು ಎಡಕ್ಕೆ ವಾಲಿತ್ತು. ಆದ್ದರಿಂದ ಕುದುರೆ ಎಡಕ್ಕೆ ನೋಡುತ್ತಿತ್ತು. ನಾನು ವಿಕಾರವೆಂದು ಬರೆದದ್ದು ಎರಡು ಸತ್ಯಗಳ ನಡುವಿನ ಒಂದು ಒಪ್ಪಂದವಾಗಿತ್ತು: ಕುದುರೆ ಸ್ವಲ್ಪ ಬಿಟ್ಟುಕೊಟ್ಟಿತ್ತು, ಮರ ಸ್ವಲ್ಪ ಬಿಟ್ಟುಕೊಟ್ಟಿತ್ತು.

ಇಲ್ಲಿ ಒಬ್ಬ ಓದುಗನಾದರೂ ಕೇಳಿಯಾನು: ಇದೆಲ್ಲ ಬಡಗಿಯ ಲೆಕ್ಕಾಚಾರವಾಯಿತು, ಇದರಲ್ಲಿ ಕಲೆ ಎಲ್ಲಿ ಬಂತು? ಮುರಿಯದ ಕುದುರೆಯೆಲ್ಲ ಒಳ್ಳೆಯ ಕುದುರೆಯೇ ಎಂದು. ಖಂಡಿತ ಅಲ್ಲ. ಮಂಚವೂ ಮುರಿಯುವುದಿಲ್ಲ. ಆದರೆ ಮರದ ಕುದುರೆಯನ್ನು ಜೀವಂತ ಕುದುರೆಯ ಪಕ್ಕದಲ್ಲಿಟ್ಟು ಅಳೆಯುವುದು ಅರ್ಧ ಅಳತೆ ಮಾತ್ರ. ಅದನ್ನು ಮರದ ಪಕ್ಕದಲ್ಲಿಟ್ಟೂ ಅಳೆಯಬೇಕು. ಈ ಕುದುರೆಯಲ್ಲಿ ಮರ ಎಲ್ಲಿಗೆ ಹೋಯಿತು ಎಂದು ಕೇಳಬೇಕು. ಈ ಒಂದು ಪ್ರಶ್ನೆ ಇಟ್ಟುಕೊಂಡು ಹೊರಟರೆ ನಮ್ಮ ನಾಡಿನ ಬೇರೆ ಬೇರೆ ಕುದುರೆಗಳ ಗುಣವೂ ದೋಷವೂ ಸ್ಪಷ್ಟವಾಗುತ್ತವೆ.

ಚನ್ನಪಟ್ಟಣದ ಕುದುರೆಯನ್ನು ತೆಗೆದುಕೊಳ್ಳಿ. ಅಲ್ಲಿಯ ಮರ ಹಾಲೆ. ಬೆಳ್ಳಗೆ, ನಯವಾಗಿ, ಕಡೆಯುವುದಕ್ಕೆಂದೇ ಬೆಳೆದಂತಿರುತ್ತದೆ. ತಿರುಗುವ ಮರಕ್ಕೆ ಉಳಿ ಕೊಡುತ್ತಾರೆ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ; ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಚಕ್ರದ ಮೇಲೆ ಹುಟ್ಟಿದ ವಸ್ತು ದುಂಡಗೇ ಇರಬೇಕು. ಹಾಗಾಗಿ ಆ ಕುದುರೆಯ ಮೈ ಒಂದು ಉರುಳೆ, ಕಾಲುಗಳು ನಾಲ್ಕು ಗೂಟ. ಮಗು ಅದನ್ನು ಕುದುರೆ ಎಂದೇ ಕರೆಯುತ್ತದೆ, ಯಾವ ಸಂದೇಹವೂ ಇಲ್ಲದೆ. ತಾನು ಯಂತ್ರದಿಂದ ಬಂದೆ ಎಂಬುದನ್ನು ಮುಚ್ಚಿಡದ ಪ್ರಾಮಾಣಿಕತೆ ಅದಕ್ಕಿದೆ. ಕೊರತೆಯೆಂದರೆ, ಒಂದು ಕುದುರೆಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಮರದ ಕಡೆಯಿಂದ ಹೇಳುವುದು ಏನೂ ಉಳಿದಿರುವುದಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಬೇರೆಯೇ ದಾರಿ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುತ್ತಾರೆ. ಹುಣಸೆಬೀಜದ ಅಂಟು, ಮರದ ಪುಡಿ, ಬಟ್ಟೆ ಇವುಗಳಿಂದ ಸಂದುಗಳನ್ನು ಮುಚ್ಚಿ, ಮೇಲೆ ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಬಣ್ಣದ ಕೆಲಸ. ಆಭರಣ, ಜೀನು, ಕುಚ್ಚು ಎಲ್ಲ ಲೇಪದಲ್ಲೇ ಉಬ್ಬಿ ಬರುತ್ತವೆ. ಆ ಬಣ್ಣದ ವೈಭವವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಆದರೆ ಅಲ್ಲಿ ಮರ ಮೂಳೆಯಾಗಿದೆ. ಮಾಂಸವೂ ಚರ್ಮವೂ ಬೇರೆಯವು. ಕಿನ್ನಾಳದ ಕುದುರೆಯನ್ನು ಮರದ ಶಿಲ್ಪವೆನ್ನುವುದಕ್ಕಿಂತ ಮರದ ಮೇಲೆ ನಿಂತ ಚಿತ್ರವೆನ್ನುವುದು ಸರಿ. ಹಾಗೆಂದರೆ ಅದಕ್ಕೆ ಅವಮಾನವೇನೂ ಇಲ್ಲ, ಅದನ್ನು ಮಾಡುವವರ ಹೆಸರೇ ಚಿತ್ರಗಾರರು.

ಕರಾವಳಿಯ ಕುದುರೆಗೆ ಇನ್ನೊಂದು ಕಷ್ಟವಿತ್ತು. ಕೆತ್ತಿದವನಿಗೆ ಕುದುರೆಯ ಸಹವಾಸವೇ ಕಡಿಮೆ. ವಿಜಯನಗರದ ಕಾಲದಲ್ಲಿ ಸಾವಿರಗಟ್ಟಲೆ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಭಟ್ಕಳದಂಥ ನಮ್ಮ ಬಂದರುಗಳಲ್ಲಿ ಇಳಿದವು, ನಿಜ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಒಂದು ಸಂಗತಿ ಬರೆದಿದ್ದಾನೆ: ಸಾಳುವ ನರಸಿಂಹ ದೊರೆ ಹಡಗಿನಲ್ಲಿ ಸತ್ತ ಕುದುರೆಗಳಿಗೂ ಹಣ ಕೊಡುತ್ತಿದ್ದನಂತೆ, ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಅಷ್ಟು ಬೆಲೆಯ ಪ್ರಾಣಿಗಳು ಕರಾವಳಿಯಲ್ಲಿ ನಿಲ್ಲುವುದುಂಟೆ? ಹಡಗಿನಿಂದ ಇಳಿದವು ಘಟ್ಟ ಹತ್ತಿ ಹೋದವು. ಗದ್ದೆ ಉಳುವವನಿಗೆ ಕೋಣವಿತ್ತು, ಎತ್ತಿತ್ತು. ಕುದುರೆ ಬೇರೆಯವರ ಊರಿಗೆ ಹಾದುಹೋಗುವ ವೈಭವ. ಆದ್ದರಿಂದಲೇ ಇರಬೇಕು, ತುಳುನಾಡಿನಲ್ಲಿ ಬೆರ್ಮೆರು ಕುದುರೆಯೇರಿದ ವೀರ. ನೆಲದ ಮೇಲೆ ನಿಲ್ಲದ ಪ್ರಾಣಿ ನಂಬಿಕೆಯಲ್ಲಿ ನಿಂತಿತು. ಇಂಥ ಕುದುರೆಯನ್ನು ಕೆತ್ತುವವನು ನೋಡಿ ಕೆತ್ತುವುದಿಲ್ಲ, ಕೇಳಿ ಕೆತ್ತುತ್ತಾನೆ. ಮುಂದಕ್ಕೆ ದಿಟ್ಟಿಸುವ ಆ ಕಣ್ಣುಗಳು ಕುದುರೆಯವಲ್ಲ. ಬೆನ್ನ ಮೇಲೆ ಇದ್ದಾನೆಂದು ನಂಬಿದ ಸವಾರನವು. ನನ್ನ ಲೇಖನ ಸವಾರನನ್ನು ಬಿಟ್ಟು ಬರೀ ಕುದುರೆಯನ್ನು ನೋಡಿತ್ತು.

ಇಷ್ಟಾದರೂ ನನ್ನೊಳಗಿನ ಮೈಬ್ರಿಜ್ ಪೂರ್ತಿ ಸತ್ತಿರಲಿಲ್ಲ. ಹಳ್ಳಿಯವನಿಗೆ ಕುದುರೆ ಗೊತ್ತಿರಲಿಲ್ಲ, ಅದಕ್ಕೆ ಹೀಗೆ ಮಾಡಿದ; ಗೊತ್ತಿದ್ದರೆ ಬೇರೆ ಥರ ಮಾಡುತ್ತಿದ್ದ ಎಂಬ ಅಹಂಕಾರ ಉಳಿದಿತ್ತು. ಅದನ್ನು ಬಿಡಿಸಿದವಳು ಅಮೆರಿಕದ ಶಿಲ್ಪಿ ಡೆಬೊರಾ ಬಟರ್‌ಫೀಲ್ಡ್. ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ ಅವಳ ಕೃತಿಗಳ ಚಿತ್ರಗಳನ್ನು ನೋಡಿದೆ. 1949ರಲ್ಲಿ ಹುಟ್ಟಿದ ಈಕೆ 1970ರ ದಶಕದಿಂದ ಕುದುರೆಗಳನ್ನೇ ಮಾಡುತ್ತ ಬಂದಿದ್ದಾಳೆ. ಮೊದಮೊದಲು ಮಣ್ಣು, ಕಡ್ಡಿ, ಗುಜರಿ ಕಬ್ಬಿಣ, ಆಮೇಲೆ ಒಣಗಿದ ಕೊಂಬೆಗಳು. ಆ ಕುದುರೆಗಳಿಗೆ ಚರ್ಮವಿಲ್ಲ, ಕಣ್ಣಿಲ್ಲ. ವಕ್ರವಾದ ಕೊಂಬೆಗಳ ಒಂದು ಹೆಣಿಗೆ. ಮೈತುಂಬ ಸಂದು, ಸಂದಿನಲ್ಲಿ ಆಚೆಯ ಬೆಟ್ಟ ಕಾಣುತ್ತದೆ. ಆದರೂ ಕತ್ತು ತಗ್ಗಿಸಿ ನಿಂತ ಕುದುರೆಯ ಆಯಾಸ, ಮಲಗಿದ ಕುದುರೆಯ ನೆಮ್ಮದಿ ಥಟ್ಟನೆ ತಿಳಿಯುತ್ತದೆ. ಕುತ್ತಿಗೆಯ ಬಾಗಿಗೆ ಅವಳೂ ಬಾಗಿದ ಕೊಂಬೆಯನ್ನೇ ಆರಿಸಿದ್ದಾಳೆ. ಯುದ್ಧದ ಗಂಡುಕುದುರೆಯ ಮೇಲೆ ಸೇನಾಪತಿಯನ್ನು ಕೂರಿಸುವ ಪಶ್ಚಿಮದ ಹಳೆಯ ಚಾಳಿಗೆ ಬೆನ್ನು ತಿರುಗಿಸಿ, ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ಅವಳು ಸುಮ್ಮನೆ ನಿಂತ ಹೆಣ್ಣುಕುದುರೆಗಳನ್ನು ಮಾಡತೊಡಗಿದಳು.

ಇವಳು ಕುದುರೆ ಸಾಕುವವಳು, ಶಿಸ್ತಿನ ಕುದುರೆ ಸವಾರಿಯನ್ನು ಅಭ್ಯಾಸ ಮಾಡಿದವಳು. ಕುದುರೆಯನ್ನು ಮೈಯಿಂದ ಬಲ್ಲ ಹೆಂಗಸು ವಕ್ರ ಕೊಂಬೆಗಳಲ್ಲಿ ತೃಪ್ತಳಾಗಿದ್ದಾಳೆ; ಕುದುರೆಯ ಬೆನ್ನನ್ನು ಜನ್ಮದಲ್ಲಿ ಮುಟ್ಟದ ನಾನು ಆಚಾರಿಯ ಮುಂದೆ ಅಂಗಾಂಗದ ನಿಖರತೆಗಾಗಿ ಹಟ ಹಿಡಿದಿದ್ದೆ. ಈ ಅರಿವು ಬಂದ ಸಂಜೆ ನನಗೆ ಊಟ ರುಚಿಸಲಿಲ್ಲವೆಂದರೆ ಮಗಳು ನಗುತ್ತಾಳೆ, ಆದರೆ ನಿಜ.

ಹಾಗೆಂದು ಅವಳ ಕೆಲಸದ ಎಲ್ಲವನ್ನೂ ನಾನು ಒಪ್ಪಲಾರೆ. 1980ರ ದಶಕದ ನಡುವಿನಿಂದ ಅವಳ ಕೊಂಬೆಯ ಕುದುರೆಗಳು ಕಂಚಿನವು. ಕೊಂಬೆಗಳನ್ನು ಜೋಡಿಸಿ ಕುದುರೆ ಮಾಡಿದ ಮೇಲೆ ಎಲ್ಲ ಮಗ್ಗುಲಿನಿಂದ ಅದರ ಫೋಟೋ ತೆಗೆಯುತ್ತಾರೆ. ಆಮೇಲೆ ಬಿಚ್ಚಿ, ಒಂದೊಂದು ಕೊಂಬೆಯ ಸುತ್ತಲೂ ಅಚ್ಚು ಕಟ್ಟಿ ಕುಲುಮೆಗೆ ಹಾಕುತ್ತಾರೆ. ಕೊಂಬೆ ಉರಿದು ಬೂದಿಯಾಗುತ್ತದೆ, ಅದು ಬಿಟ್ಟ ಪೊಳ್ಳಿಗೆ ಕಂಚು ಹೊಯ್ಯುತ್ತಾರೆ. ಕಂಚಿನ ಕೊಂಬೆಗಳನ್ನು ಫೋಟೋ ನೋಡಿ ಮತ್ತೆ ಬೆಸೆದು, ಮೇಲೆ ಒಣಮರದ ಬಣ್ಣ ಬರಿಸುತ್ತಾರೆ. ಹತ್ತಿರ ಹೋಗಿ ಬೆರಳಿನಿಂದ ತಟ್ಟುವ ತನಕ ಮರವೆಂದೇ ನಂಬುತ್ತೀರಿ. ಹಿಮ ಬೀಳುವ ಬಯಲಿನಲ್ಲಿ ಮರ ಎಷ್ಟು ದಿನ ಉಳಿದೀತು ಎಂಬ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮರ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಇಲ್ಲಿಯ ಉತ್ತರ ಕುಲುಮೆಗೆ ಎಂದು. ಉಳಿದದ್ದು ಮರದ ನೆನಪು. ನೆನಪು ಎಷ್ಟೇ ಕರಾರುವಾಕ್ಕಾಗಿದ್ದರೂ ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಗೆಯಲ್ಲಿ ಕುಗ್ಗುವುದಿಲ್ಲ, ಗೆದ್ದಲಿಗೆ ಹೆದರುವುದಿಲ್ಲ. ಹೆದರದ ವಸ್ತುವನ್ನು ಜೋಪಾನ ಮಾಡುವ ಕೆಲಸ ನಮಗಿರುವುದಿಲ್ಲ.

ಉಳಿಸಬೇಕೋ ಮಣ್ಣಾಗಲು ಬಿಡಬೇಕೋ ಎಂಬ ಪ್ರಶ್ನೆ ನಮ್ಮಲ್ಲೂ ಇದೆ. ಉಡುಪಿ ಜಿಲ್ಲೆಯ ಶಿರಿಯಾರದ ಹತ್ತಿರದ ಮೆಕ್ಕೆಕಟ್ಟಿನ ಹಳೆಯ ಮರದ ಉರುಗಳು ಈಗ ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಹೋಗಿ ನೋಡಿದಾಗ ನನಗೆ ಸಂತೋಷವೂ ಆಯಿತು, ಎಲ್ಲೋ ಇರಿದಂತೆಯೂ ಆಯಿತು. ನಮ್ಮ ಕುದುರೆಯನ್ನೂ ಯಾರಾದರೂ ಹೀಗೆ ಎತ್ತಿಟ್ಟಿದ್ದರೆ ಇಂದು ನಾನು ಮೊಮ್ಮಗನಿಗೆ ತೋರಿಸಬಹುದಿತ್ತು. ಆದರೆ ಗಾಜಿನ ಆಚೆ ಇಟ್ಟಿದ್ದರೆ ಅದರ ಹೊಟ್ಟೆ ಟೊಳ್ಳೆಂಬುದಾಗಲಿ, ಕುತ್ತಿಗೆ ಕವಲೆಂಬುದಾಗಲಿ ನನಗೆ ತಿಳಿಯುತ್ತಲೇ ಇರಲಿಲ್ಲ. ಬಣ್ಣ ಬಳಿದ ಅದರ ಮೈಯನ್ನು ನೋಡಿ ಅದೇ ಹಂದಿಯ ಸಂತೋಷದ ವಾಕ್ಯವನ್ನು ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಿದ್ದೆ. ಕೊಳೆಯುವ ಹಕ್ಕು ಆ ಕುದುರೆಗಿತ್ತು, ಆ ಹಕ್ಕಿನಿಂದಲೇ ಅದು ನನಗೆ ಪಾಠ ಹೇಳಿತು. ಎರಡರಲ್ಲಿ ಯಾವುದು ಸರಿ ಎಂದು ನನ್ನನ್ನು ಕೇಳಿದರೆ, ಕೆತ್ತುವ ಕೈ ಊರಿನಲ್ಲಿ ಉಳಿದಿರುವ ತನಕ ಮಣ್ಣಾಗುವುದು ಸರಿ. ಕೈ ಹೋದ ಮೇಲೆ ಗಾಜಿನ ಪೆಟ್ಟಿಗೆಯೇ ಗತಿ.

ಕೈ ಇನ್ನೂ ಇದೆ. ಆಚಾರಿ ಈಗಿಲ್ಲ. ಅವರ ಮಗ ಬಾಗಿಲು, ದಾರಂದ, ಮಂಚ ಮಾಡಿಕೊಂಡಿದ್ದಾನೆ. 2022ರಲ್ಲಿ 'ಕಾಂತಾರ' ಚಿತ್ರ ಬಂದಮೇಲೆ ಗೋಡೆಗೆ ತೂಗುಹಾಕುವ ಮುಖವಾಡ ಬೇಕೆಂದು ಪಟ್ಟಣದವರು ಕೇಳಿಕೊಂಡು ಬಂದರಂತೆ. ಕೆಲವನ್ನು ಮಾಡಿ ಕೊಟ್ಟನಂತೆ. ಈ ಸಲ ಸಮಿತಿಯಲ್ಲಿ ಅರ್ಧ ಜನ ಫೈಬರ್ ಕುದುರೆ ತರೋಣ ಎನ್ನುತ್ತಿದ್ದಾರೆ. ಹಗುರ, ಮುರಿಯುವುದಿಲ್ಲ, ಗೆದ್ದಲಿಲ್ಲ, ಬೇಕಾದ ಹಾಗೆ ಕಾಲೆತ್ತಿ ನಿಲ್ಲುತ್ತದೆ; ಕ್ಯಾಲೆಂಡರಿನಲ್ಲಿ ಇದ್ದಂತೆಯೇ ಇರುತ್ತದೆ. ಅವರ ಒಂದೊಂದು ಮಾತೂ 1994ರ ನನ್ನ ಮಾತೇ. ಅವರನ್ನು ಬಯ್ಯಲು ನನಗೆ ಬಾಯಿಲ್ಲ.

ಕಳೆದ ವಾರ ಆಚಾರಿಯ ಮಗ ನಮ್ಮ ಮನೆಗೆ ಬಂದಿದ್ದ. ಚಿತ್ರ ಏನಾದರೂ ಇದೆಯೇ ಮಾಷ್ಟ್ರೇ ಎಂದು ಕೇಳಿದ. ಇಲ್ಲ ಎಂದೆ. ಹಳೆಯ ಕುದುರೆಯ ಬಗ್ಗೆ ನಾನು ಕಂಡದ್ದನ್ನೆಲ್ಲ ಹೇಳಿದೆ. ಸೀಳಿದ ಕಾಲು, ತೋಡಿದ ಹೊಟ್ಟೆ, ಕವಲಿನ ಕುತ್ತಿಗೆ. ಅವನು ತಾಳ್ಮೆಯಿಂದ ಕೇಳಿದ. ಅವನಿಗೆ ಅದೆಲ್ಲ ಗೊತ್ತೇ ಇತ್ತು ಎಂಬುದು ಅವನ ಮುಖದಲ್ಲಿ ಕಂಡಿತು. ಅಪ್ಪ ಹೇಳಿದ್ದಾರೆ ಎಂದಷ್ಟೇ ಅಂದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ನಮ್ಮ ಹಲಸಿನ ಮರದ ಬುಡದಲ್ಲಿ ತಲೆಯೆತ್ತಿ ನಿಂತ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವನ ಕಣ್ಣು ಒಂದು ಕವಲಿನ ಮೇಲಿತ್ತು. ಅದು ಬಲಕ್ಕೆ ವಾಲಿದೆ.

ಆ ಮರ ನನ್ನ ತಾಯಿ ನೆಟ್ಟದ್ದು. ಈಗಲೂ ವರ್ಷಕ್ಕೆ ಮೂವತ್ತು ನಲವತ್ತು ಕಾಯಿ ಬಿಡುತ್ತದೆ. ಹಪ್ಪಳದ ಕಾಲದಲ್ಲಿ ಮನೆ ತುಂಬುವುದು ಅದರಿಂದಲೇ. ಮರ ಕೊಡುತ್ತೇನೆಂದು ನಾನು ಅವನಿಗೆ ಬಾಯಿಬಿಟ್ಟು ಹೇಳಿಲ್ಲ. ಹೆಂಡತಿಯ ಹತ್ತಿರ ವಿಷಯ ತೆಗೆದಾಗ, "ನೀವು ಮೊದಲೇ ಒಂದು ಕುದುರೆಯನ್ನು ಕಳೆದವರು, ಈಗ ಮರವನ್ನೂ ಕಳೆಯುತ್ತೀರಾ?" ಎಂದು ಕೇಳಿದಳು. ವಿಮರ್ಶೆ ಬರೆಯುವಾಗ ಇಂಥ ಪ್ರಶ್ನೆ ನನಗೆ ಎದುರಾಗಿರಲಿಲ್ಲ. ಮುಂದಿನ ತಿಂಗಳು ಸಮಿತಿಯ ಸಭೆ. ಫೈಬರ್ ಬೇಡ ಎನ್ನುವ ಮಾತನ್ನು ನಾನು ಅಲ್ಲಿ ಹೇಳಬೇಕಾದರೆ ಅದಕ್ಕೆ ಮೊದಲು ಈ ಹಿತ್ತಲಿನ ಲೆಕ್ಕ ತೀರಬೇಕು. ಬೇರೆಯವರ ಮರದಲ್ಲಿ ಒಳ್ಳೆಯ ಕುದುರೆ ಮಾಡಿಸಿ ಎಂದು ಹೇಳುವುದಕ್ಕೆ ಎರಡು ಕಾಲಮಿನ ಲೇಖನ ಸಾಕಾಗುತ್ತದೆ.